ಕಾಫಿ ಬೆಳೆಯದ ಸೀಮೆಯ ಕಾಫಿ

ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆಯ ಗದ್ದೆ ಬಯಲಲ್ಲಿ ನಿಂತು ಪೂರ್ವಕ್ಕೆ ನೋಡಿದರೆ ಘಟ್ಟದ ನೀಲಿ ಸಾಲು. ಪಶ್ಚಿಮಕ್ಕೆ ನಡೆದರೆ ಕಡಲು. ನಡುವಿನ ನೆಲದಲ್ಲಿ ಭತ್ತ, ಉದ್ದು, ನೆಲಗಡಲೆ, ತೆಂಗು, ಅಡಿಕೆ. ಕಾಫಿ ಈ ಸೀಮೆಯ ಬೆಳೆಯಲ್ಲ. ಅರೇಬಿಕಾ ಗಿಡ ಕೇಳುವ ಎತ್ತರವೂ ತಂಪೂ ಇಲ್ಲಿಲ್ಲ. ಹಾಗಿದ್ದರೂ ಬೆಂಗಳೂರಿನಿಂದ ಮುಂಬಯಿಯವರೆಗೆ ಊರೂರಿಗೆ ಒಳ್ಳೆಯ ಕಾಫಿಯ ರುಚಿ ಹತ್ತಿಸಿದವರ ಪಟ್ಟಿ ಬರೆಯಹೊರಟರೆ, ಮೊದಲ ಪುಟದಲ್ಲಿಯೇ ಈ ಕಡೆಯ ಹಳ್ಳಿಗಳ ಹೆಸರು ಬರುತ್ತದೆ. ತಮ್ಮ ಹೊಲದಲ್ಲಿ ಒಂದು ಗಿಡವೂ ಇಲ್ಲದ ಜನ ಕಾಫಿಯನ್ನು ಇಷ್ಟು ತಮ್ಮದಾಗಿ ಮಾಡಿಕೊಂಡದ್ದು ಹೇಗೆ? ಊರಿನ ಹೋಟೆಲಿನಲ್ಲಿ ಲೋಟ ಕೈಗೆ ಬಂದಾಗಲೆಲ್ಲ ಈ ಪ್ರಶ್ನೆ ನನ್ನಲ್ಲಿ ಏಳುತ್ತದೆ. ಯೋಚಿಸಿದಷ್ಟೂ ಒಂದೇ ಉತ್ತರ ಗಟ್ಟಿಯಾಗುತ್ತ ಬಂದಿದೆ: ಕಾಫಿಯ ರುಚಿಯಲ್ಲಿ ಅರ್ಧ ಬೀಜದ್ದು, ಉಳಿದರ್ಧ ಕುಡಿಸುವವರದ್ದು.

ಬೀಜದ ಕಥೆ ಎಲ್ಲರಿಗೂ ಗೊತ್ತು. 17ನೆಯ ಶತಮಾನದಲ್ಲಿ ಸೂಫಿ ಸಂತ ಬಾಬಾ ಬುಡನ್ ಹಜ್ ಯಾತ್ರೆ ಮುಗಿಸಿ ಬರುವಾಗ ಯೆಮನ್ನಿನ ಮೋಕಾದಿಂದ ಏಳು ಬೀಜ ತಂದು ಚಿಕ್ಕಮಗಳೂರಿನ ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರು ಎಂಬುದು ಪ್ರತೀತಿ. ಇದಕ್ಕೆ ನಮ್ಮ ಕರಾವಳಿಯ ಒಂದು ಮಾತನ್ನು ಸೇರಿಸಬೇಕು ಎನಿಸುತ್ತದೆ. ಕುಂದಾಪುರದ ಪಕ್ಕದಲ್ಲೇ, ವಾರಾಹಿ ನದಿಯ ದಂಡೆಯಲ್ಲಿ ಬಸ್ರೂರು ಇದೆ. ಈಗ ದೇವಸ್ಥಾನಗಳ ಶಾಂತವಾದ ಊರು. 16, 17ನೆಯ ಶತಮಾನಗಳಲ್ಲಿ ಅದು ದೊಡ್ಡ ಬಂದರು; ಪೋರ್ಚುಗೀಸರು ಕಣ್ಣಿಟ್ಟಿದ್ದ, 1665ರಲ್ಲಿ ಶಿವಾಜಿ ಹಡಗುಗಳೊಂದಿಗೆ ಬಂದು ಕೊಳ್ಳೆ ಹೊಡೆದ ಬಂದರು. ಅಲ್ಲಿಂದ ಹೊರಡುತ್ತಿದ್ದ ಮುಖ್ಯ ಸರಕು ಅಕ್ಕಿ. ಈ ಗದ್ದೆಗಳ ಅಕ್ಕಿ ಹೊರ್ಮುಜ್, ಮಸ್ಕತ್ತುಗಳವರೆಗೆ ಹೋಗುತ್ತಿತ್ತು. ಕಡಲಿನ ಆಚೆ ದಡದವರು ನಮ್ಮ ಅನ್ನ ಉಂಡರು. ಆ ದಡದಿಂದ ಬಂದ ಬೀಜದ ಕಾಫಿಯನ್ನು ನಾವು ಕುಡಿದೆವು. ಈ ಕೊಡುಕೊಳೆಯನ್ನು ಯಾರೂ ಲೆಕ್ಕದ ಪುಸ್ತಕದಲ್ಲಿ ಬರೆದಿಲ್ಲ. ನನಗಂತೂ ಇದಕ್ಕಿಂತ ಚೆಂದದ ವ್ಯಾಪಾರ ಇಲ್ಲ.

19ನೆಯ ಶತಮಾನದಲ್ಲಿ ಬ್ರಿಟಿಷರು ಚಿಕ್ಕಮಗಳೂರು, ಕೊಡಗುಗಳಲ್ಲಿ ದೊಡ್ಡ ತೋಟಗಳನ್ನು ಎಬ್ಬಿಸಿದರು. ಬೀಜ ಗಾಡಿಯ ಮೇಲೆ ಘಟ್ಟ ಇಳಿದು ಮಂಗಳೂರಿಗೆ ಬಂದು, ಅಲ್ಲಿಯ ಕ್ಯೂರಿಂಗ್ ಕಾರ್ಖಾನೆಗಳಲ್ಲಿ ಸಿಪ್ಪೆ ಬಿಡಿಸಿಕೊಂಡು, ವಿಂಗಡವಾಗಿ, ಹಡಗು ಹತ್ತುತ್ತಿತ್ತು. ಆ ಹಡಗುಗಳಿಂದ ಹುಟ್ಟಿದ ಒಂದು ರುಚಿ ನಮ್ಮ ಮಳೆಗಾಲದ ಮಗು. ಗುಡ್‌ಹೋಪ್ ಭೂಶಿರ ಸುತ್ತಿ ಯುರೋಪು ತಲುಪಲು ತಿಂಗಳುಗಟ್ಟಲೆ ಬೇಕಿದ್ದಾಗ, ಹಡಗಿನ ಹೊಟ್ಟೆಯಲ್ಲಿ ಕಡಲಿನ ತೇವ ಹೀರಿ ಹಸಿರು ಬೀಜ ಉಬ್ಬಿ ಹಳದಿಯಾಗುತ್ತಿತ್ತು, ಹುಳಿ ಕಳೆದುಕೊಂಡು ಮೆತ್ತಗಾಗುತ್ತಿತ್ತು. 1869ರಲ್ಲಿ ಸುಯೆಜ್ ಕಾಲುವೆ ತೆರೆಯಿತು, ಉಗಿಹಡಗುಗಳು ಬಂದವು, ಪ್ರಯಾಣ ಚಿಕ್ಕದಾಯಿತು. ಬೀಜ ಹಸಿರಾಗಿಯೇ ತಲುಪಿತು. ಹಳೆಯ ರುಚಿಗೆ ನಾಲಿಗೆ ಹೊಂದಿಸಿಕೊಂಡಿದ್ದವರು ಅದನ್ನೇ ಕೇಳಿದರು. ಆಗ ಪಶ್ಚಿಮ ಕರಾವಳಿಯ ಗೋದಾಮುಗಳಲ್ಲಿ ಬೀಜವನ್ನು ಹರಡಿ, ಜೂನಿನಿಂದ ಸೆಪ್ಟೆಂಬರಿನವರೆಗೆ ಮಳೆಗಾಳಿಗೆ ಒಡ್ಡಿ, ಮತ್ತೆ ಮತ್ತೆ ಕೆದರಿ, ಅದೇ ಬಣ್ಣ ಅದೇ ರುಚಿ ಬರಿಸುವುದನ್ನು ರೂಢಿ ಮಾಡಿದರು. ಮಾನ್ಸೂನ್ಡ್ ಮಲಬಾರ್ ಎಂದು ಹೆಸರಾದ ಆ ಕಾಫಿ ಮಂಗಳೂರಿನಲ್ಲಿ ಇಂದಿಗೂ ತಯಾರಾಗುತ್ತದೆ. ಆಸಾಡಿಯಲ್ಲಿ ಹಪ್ಪಳದ ಡಬ್ಬಿಗೂ ಬೂಷ್ಟು ಬರಿಸುವ ನಮ್ಮ ಗಾಳಿಗೆ ಇಂಥದೊಂದು ಕೈಗುಣ ಇದೆ ಎಂದು ತಿಳಿದಾಗ ಹೆಮ್ಮೆಯಾಯಿತು.

ಆದರೆ ಆ ಕಾಲದ ಕಾಫಿಯೆಲ್ಲ ಊರನ್ನು ದಾಟಿ ಹೋದದ್ದು. ನಮ್ಮ ಮನೆಗಳ ಒಳಗೆ ಅದು ಬಂದದ್ದು ತಡವಾಗಿ. ಬೆಳಿಗ್ಗೆ ಗಂಜಿ, ದಣಿದು ಬಂದವರಿಗೆ ಬೆಲ್ಲ ನೀರು, ನೆಗಡಿಗೆ ಕೊತ್ತಂಬರಿ ಜೀರಿಗೆಯ ಕಷಾಯ: ಇಷ್ಟರಲ್ಲಿ ಹಳ್ಳಿಯ ದಿನ ಮುಗಿಯುತ್ತಿತ್ತು. ನನ್ನ ಅಮ್ಮಮ್ಮ ಮಾಡುತ್ತಿದ್ದ ಕಾಫಿಗೆ ಫಿಲ್ಟರ್ ಇರಲಿಲ್ಲ. ಪಾತ್ರೆಯಲ್ಲಿ ನೀರಿಗೆ ಬೆಲ್ಲ ಹಾಕಿ ಕುದಿಸಿ, ಪುಡಿ ಹಾಕಿ ಇಳಿಸಿ, ಮುಚ್ಚಿಟ್ಟು, ಗಸಿ ತಳಕ್ಕೆ ಕೂತ ಮೇಲೆ ಬಿಳಿ ಬಟ್ಟೆಯಲ್ಲಿ ಸೋಸುತ್ತಿದ್ದರು. ಹಾಲು ಇದ್ದರೆ ಹಾಲು, ಇಲ್ಲದಿದ್ದರೆ ಕಪ್ಪು. ಮನೆಯ ಜಗಲಿಗೆ ಯಾರು ಬಂದರೂ ಅವರ ಬಾಯಲ್ಲಿ ಮೊದಲು ಬರುತ್ತಿದ್ದ ಮಾತು, "ಬನಿ, ಕೂಕಣಿ, ಕಾಪಿ ಕುಡ್ಕಂಡೇ ಹೋಯ್ಕ್." ಆ ಬೆಲ್ಲದ ಕಾಫಿಯನ್ನು ನಾನು ಕೀಳು ಎಂದು ಎಣಿಸಿದವನಲ್ಲ. ಈ ಕಡೆಯ ಆತಿಥ್ಯ ಫಿಲ್ಟರಿಗಿಂತ ಹಳೆಯದು. ಫಿಲ್ಟರ್ ಬಂದಾಗ ಅದಕ್ಕೆ ಬೇಕಾದ ಮನಸ್ಸು ಇಲ್ಲಿ ಮೊದಲೇ ಸಿದ್ಧವಾಗಿತ್ತು.

ಎರಡು ಪಾತ್ರೆಗಳನ್ನು ಒಂದರ ಮೇಲೊಂದು ಕೂರಿಸಿ, ಮೇಲಿನದರಲ್ಲಿ ಪುಡಿ ಹಾಕಿ, ಬಿಸಿನೀರು ತೊಟ್ಟಿಕ್ಕುವಂತೆ ಮಾಡುವ ಉಪಾಯ 1800ರ ಸುಮಾರಿಗೆ ಫ್ರಾನ್ಸಿನಲ್ಲಿ ಬಳಕೆಗೆ ಬಂತು. ದಕ್ಷಿಣ ಭಾರತದಲ್ಲಿ ಅದು ಹಿತ್ತಾಳೆಯ ರೂಪ ತಾಳಿತು, ಆಮೇಲೆ ಸ್ಟೀಲಿನದಾಯಿತು. ನಮ್ಮ ತಾಲ್ಲೂಕುಗಳು 1956ರವರೆಗೆ ಮದರಾಸಿನ ಆಡಳಿತದಲ್ಲಿದ್ದವು. ಓದಿಗೆ, ಕೋರ್ಟಿಗೆ, ಕೆಲಸಕ್ಕೆ ಮದರಾಸಿಗೆ ಹೋದವರು ಅಲ್ಲಿಯ ಕಾಫಿಯ ರೂಢಿಯನ್ನೂ ಕಟ್ಟಿಕೊಂಡು ಬಂದರು. ಎರಡನೆಯ ಮಹಾಯುದ್ಧ ಇನ್ನೊಂದು ಕಡೆಯಿಂದ ನೂಕಿತು. ಯುರೋಪಿನ ಮಾರುಕಟ್ಟೆ ಕೈತಪ್ಪಿ ಬೆಳೆಗಾರರು ಕಂಗಾಲಾದಾಗ, 1942ರ ಕಾಫಿ ಕಾಯಿದೆಯಡಿ ಬಂದ ಕಾಫಿ ಬೋರ್ಡು ಬೀಜ ಕೊಳ್ಳುವ, ಮಾರುವ ಹೊಣೆ ಹೊತ್ತಿತು. ಹೊರಗೆ ಹೋಗದ ಕಾಫಿಯನ್ನು ನಮ್ಮ ಜನಕ್ಕೇ ಕುಡಿಸಬೇಕಾಯಿತು. ಕಾಫಿ ಹೌಸುಗಳು ಹಬ್ಬಿದವು. ಆದರೆ ಊರೂರಿನ ಮೂಲೆಯಲ್ಲಿ, ಬೆಳಗಿನ ಜಾವದಿಂದ ರಾತ್ರಿಯವರೆಗೆ, ಬಡವನ ಕೈಗೂ ಎಟುಕುವ ಬೆಲೆಗೆ ಕಾಫಿ ಕೊಟ್ಟದ್ದು ಹೋಟೆಲು. ಅಲ್ಲಿಂದ ಮುಂದಿನದು ನಮ್ಮ ಸೀಮೆಯ ಕಥೆ.

ಸಾಲಿಗ್ರಾಮದ ಮಗ್ಗುಲಲ್ಲಿ ಪಾರಂಪಳ್ಳಿ ಎಂಬ ಹಳ್ಳಿ ಇದೆ; ಈಗ ಬ್ರಹ್ಮಾವರ ತಾಲ್ಲೂಕಿಗೆ ಸೇರಿದ್ದು. ಅಲ್ಲಿಯ ಮಯ್ಯ ಕುಟುಂಬದ ಅಣ್ಣತಮ್ಮಂದಿರು ಅಡುಗೆ ಕೆಲಸ ಹುಡುಕಿಕೊಂಡು ಬೆಂಗಳೂರಿಗೆ ಹೋದರು. 1924ರಲ್ಲಿ ಲಾಲ್‌ಬಾಗ್ ಫೋರ್ಟ್ ರಸ್ತೆಯಲ್ಲಿ ಒಂದು ಸಣ್ಣ ಜಾಗ ಹಿಡಿದು ಕಾಫಿ, ಇಡ್ಲಿ ಮಾರತೊಡಗಿದರು. ಹೆಸರು ಬ್ರಾಹ್ಮಣರ ಕಾಫಿ ಕ್ಲಬ್. ಅದೇ ಮುಂದೆ ಮಾವಳ್ಳಿ ಟಿಫಿನ್ ರೂಮ್ಸ್, ಎಲ್ಲರ ಬಾಯಲ್ಲಿ ಎಂಟಿಆರ್. ಆ ಅಣ್ಣತಮ್ಮಂದಿರಲ್ಲಿ ಒಬ್ಬರಾದ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯುರೋಪಿಗೆ ಹೋಗಿ ಅಲ್ಲಿಯ ಹೋಟೆಲುಗಳ ಶುಚಿತ್ವವನ್ನು ಕಣ್ಣಾರೆ ಕಂಡು ಬಂದು, ಪಾತ್ರೆಗಳನ್ನು ಕ್ರಿಮಿಶುದ್ಧಿ ಮಾಡುವ ಕ್ರಮವನ್ನು ತಮ್ಮಲ್ಲಿ ತಂದರು. ಬಂದ ಗಿರಾಕಿ ಅಡುಗೆಮನೆಯನ್ನು ಹಾದು ಒಳಗೆ ಹೋಗಿ ಕೂರಬೇಕಿತ್ತು. ಅನ್ನ ಬೇಯುವ ಜಾಗ ಕಾಣಬೇಕಿತ್ತು. ಬೆಳ್ಳಿಯ ಲೋಟದಲ್ಲಿ ಕಾಫಿ. ಅಡುಗೆಮನೆ ತೋರಿಸಲು ನಾಚದ ಆ ಧೈರ್ಯ ದೊಡ್ಡದು. ಪಾರಂಪಳ್ಳಿಯಂಥ ಹಳ್ಳಿಯಲ್ಲಿ ಸ್ನಾನ ಮಾಡಿ, ಮಡಿಯಲ್ಲಿ, ದೇವರಿಗೆ ನೈವೇದ್ಯವಾಗುವ ಅನ್ನ ಮಾಡಿ ಕಲಿತ ಕೈಗೆ ಮಾತ್ರ ಅಷ್ಟು ಧೈರ್ಯ ಬಂದೀತು.

ಇನ್ನೊಂದು ಹೆಸರು ಗಾಂಧಿ ಬಜಾರಿನ ವಿದ್ಯಾರ್ಥಿ ಭವನ. 1943ರಲ್ಲಿ ಅದನ್ನು ಆರಂಭಿಸಿದ ವೆಂಕಟರಮಣ ಉರಾಳರು ಸಾಲಿಗ್ರಾಮದ ಕಡೆಯವರು. 1970ರಲ್ಲಿ ಅದನ್ನು ವಹಿಸಿಕೊಂಡ ರಾಮಕೃಷ್ಣ ಅಡಿಗರು ಕುಂದಾಪುರ ತಾಲ್ಲೂಕಿನ ಶಂಕರನಾರಾಯಣದವರು. ದೋಸೆಗೆ ಸಾಲು ನಿಲ್ಲುವ ಜನ ಕಾಫಿ ಕುಡಿಯದೆ ಎದ್ದು ಹೋಗುವುದಿಲ್ಲ. ಹೆಸರಾದ ಇಂಥ ಹೋಟೆಲುಗಳ ಹಿಂದೆ ಹೆಸರಾಗದ ಹೋಟೆಲುಗಳು ಎಷ್ಟೋ ಇವೆ. ತುಮಕೂರಿನಲ್ಲಿ, ಹುಬ್ಬಳ್ಳಿಯಲ್ಲಿ, ಬಳ್ಳಾರಿಯಲ್ಲಿ, ಪುಣೆಯಲ್ಲಿ ಗಲ್ಲಾದ ಮೇಲೆ ಕೂತವರನ್ನು "ನಿಮ್ದ್ ಯಾವೂರ್?" ಎಂದು ಕೇಳಿ ನೋಡಿ. ಕೋಟ, ಹಾಲಾಡಿ, ಉಪ್ಪುಂದ, ಕಿರಿಮಂಜೇಶ್ವರ ಎಂಬ ಉತ್ತರ ಬಂದೀತು. ಬಂದರೆ ಆಮೇಲೆ ಕಾಫಿಗೆ ದುಡ್ಡು ಕೊಡುವುದೇ ಕಷ್ಟ.

ಆ ಹೋಟೆಲುಗಳ ಎಲ್ಲ ಕಥೆಯೂ ಬೆಳ್ಳಿಯ ಲೋಟದ್ದಲ್ಲ. ಗದ್ದೆಯ ಗೇಣಿ ಕಟ್ಟಿ ಉಳಿದ ಅಕ್ಕಿ ಮಳೆಗಾಲ ದಾಟಿಸದ ಮನೆಗಳಿಂದ ಹುಡುಗರು ಎಳವೆಯಲ್ಲೇ ಘಟ್ಟ ಹತ್ತಿದರು. ಮೊದಲು ಲೋಟ ತೊಳೆಯುವುದು, ಮೇಜು ಒರೆಸುವುದು, ಆಮೇಲೆ ಸಪ್ಲಯರ್, ಕೈಹಿಡಿದವರಿದ್ದರೆ ಒಲೆಯ ಮುಂದೆ ಜಾಗ. ನಾಡಿನ ತುಂಬ ಹೋಟೆಲ್ ಮಾಣಿ ಎಂದು ಕರೆಸಿಕೊಂಡವರು ಇವರೇ. ಮುಂಬಯಿಯಲ್ಲಿ ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಕನ್ನಡದ ರಾತ್ರಿಶಾಲೆಗಳಲ್ಲಿ ಅಕ್ಷರ ಕಲಿತು ಮೇಲೆ ಬಂದವರ ತಲೆಮಾರೇ ಇದೆ. ಕೋಟದ ಮಗ ಶಿವರಾಮ ಕಾರಂತರ 'ಮರಳಿ ಮಣ್ಣಿಗೆ' ಕಾದಂಬರಿಯಲ್ಲಿ ಬೆಂಗಳೂರಿನ ಹೋಟೆಲಿನ ಹಣ ಕಡಲ ಬದಿಯ ಹಳ್ಳಿಯ ಮನೆಗೆ ಬಂದು ಅಲ್ಲಿಯ ಬದುಕನ್ನೇ ಅಲ್ಲಾಡಿಸುತ್ತದೆ. ಈ ಕಡೆಯ ಓದುಗರಿಗೆ ಅದು ಪಕ್ಕದ ಮನೆಯ ಸುದ್ದಿ. ಜಾತಿಯ ಮಾತನ್ನೂ ಮುಚ್ಚಿಡಬಾರದು. ಆಗಿನ ಅನೇಕ ಹೋಟೆಲುಗಳಲ್ಲಿ ಬ್ರಾಹ್ಮಣರ ಪಂಕ್ತಿ ಬೇರೆ, ಉಳಿದವರದ್ದು ಬೇರೆ. ಕೆಲವರಿಗೆ ಒಳಗೆ ಕಾಲಿಡುವ ಹಾಗೂ ಇರಲಿಲ್ಲ. ಆ ಭೇದ ಸಾರುತ್ತಿದ್ದ ಬೋರ್ಡುಗಳು ಬಿದ್ದದ್ದು ನ್ಯಾಯ. 1980ರ ದಶಕದಲ್ಲಿ ಬೆಂಗಳೂರಿನಲ್ಲಿ ದರ್ಶಿನಿಗಳು ಬಂದಾಗ ಎಲ್ಲರೂ ಒಂದೇ ಕಟ್ಟೆಗೆ ಮೊಣಕೈ ಊರಿ ನಿಂತು ಕುಡಿದರು. ಕಾಫಿಗೆ ನಿಜವಾದ ಮರ್ಯಾದೆ ಬಂದದ್ದು ಆಗಲೇ ಎಂದು ನಾನು ನಂಬಿದ್ದೇನೆ.

ನಮ್ಮ ದೊಡ್ಡಪ್ಪಯ್ಯ ಇಂಥದೇ ಒಂದು ಹೋಟೆಲಿನಲ್ಲಿ ಕಾಫಿಯ ಒಲೆಯ ಮುಂದೆ ವಯಸ್ಸು ಕಳೆದವರು. ದೀಪಾವಳಿಗೋ ಊರಿನ ಹಬ್ಬಕ್ಕೋ ಬರುವಾಗ ಕಾಫಿಪುಡಿಯ ಡಬ್ಬಿ ತರುತ್ತಿದ್ದರು. ಮನೆಗೆ ಮೊದಲ ಫಿಲ್ಟರ್ ತಂದವರೂ ಅವರೇ. ಅವರು ಕಲಿಸಿದ ಕ್ರಮವನ್ನು ಈಗಲೂ ನಮ್ಮ ಮನೆಯಲ್ಲಿ ಬದಲಿಸಿಲ್ಲ. ಫಿಲ್ಟರ್ ಒಣಗಿರಬೇಕು. ಪುಡಿ ಹಾಕಿ, ಕಡ್ಡಿ ಇರುವ ತೂತಿನ ಬಿಲ್ಲೆಯಿಂದ ಮೆತ್ತಗೆ ಅದುಮಬೇಕು. ಗಟ್ಟಿಯಾಗಿ ಒತ್ತಿದರೆ ನೀರು ಇಳಿಯದು, ಒತ್ತದೆ ಬಿಟ್ಟರೆ ಸರ್ರನೆ ಇಳಿದು ನೀರುನೀರಾಗುವುದು. ಕುದಿ ಬಂದ ನೀರನ್ನು ಒಲೆಯಿಂದ ಇಳಿಸಿ, ಕೊತಕೊತ ನಿಂತ ಮೇಲೆ, ಸುತ್ತಲೂ ಸಣ್ಣ ಧಾರೆಯಾಗಿ ಬಿಡಬೇಕು. ಮುಚ್ಚಳ ಹಾಕಿ ಸುಮ್ಮನಿರಬೇಕು. ನಾವು ಮಕ್ಕಳು ನಡುನಡುವೆ ಮುಚ್ಚಳ ತೆಗೆದು ನೋಡಿದರೆ ಅವರ ಮಾತು ಒಂದೇ: "ಗಡಿಬಿಡಿ ಮಾಡ್ರೆ ಕಾಪಿ ಆತಿಲ್ಲ."

ಆ ಮಾತಿನಲ್ಲಿ ಫಿಲ್ಟರ್ ಕಾಫಿಯ ಮರ್ಮವೆಲ್ಲ ಇದೆ. ಪುಡಿಯನ್ನು ಕುದಿಸಿದರೆ ಕಹಿಯೂ ಒಗರೂ ಪೂರ್ತಿ ಹೊರಬೀಳುತ್ತವೆ, ಪರಿಮಳ ಹಬೆಯಾಗಿ ಹಾರುತ್ತದೆ. ಬಿಸಿನೀರು ಪುಡಿಯ ನಡುವೆ ತಾನೇ ದಾರಿ ಮಾಡಿಕೊಂಡು ಹನಿಹನಿಯಾಗಿ ಇಳಿದಾಗ ಪರಿಮಳ ಡಿಕಾಕ್ಷನ್ನಿನೊಳಗೇ ಉಳಿಯುತ್ತದೆ. ಮೊದಲು ಇಳಿದದ್ದು ಅತಿ ಗಟ್ಟಿ. ಅದೇ ಪುಡಿಗೆ ಮತ್ತೆ ನೀರು ಬಿಟ್ಟರೆ ಎರಡನೆಯದು ತೆಳು. ಬಂದ ನೆಂಟರಿಗೆ ಮೊದಲನೆಯದು, ಮನೆಯವರಿಗೆ ಎರಡನೆಯದು ಎಂಬ ಕಟ್ಟಳೆಯನ್ನು ಎಷ್ಟು ಮನೆಗಳ ಹೆಂಗಸರು ಬಾಯಿಬಿಟ್ಟು ಹೇಳದೆ ನಡೆಸಿದ್ದಾರೋ! ಕೊನೆಗೆ ಉಳಿದ ಗಸಿ ಅಂಗಳದ ಮಲ್ಲಿಗೆ ಬುಡಕ್ಕೆ.

ಚಿಕೋರಿಯ ವಿಷಯಕ್ಕೆ ಜಗಳ ಹಳೆಯದು. ಅದು ಒಂದು ಗಿಡದ ಬೇರು; ಹುರಿದು ಪುಡಿ ಮಾಡಿದ್ದು. ನೆಪೋಲಿಯನ್ನನ ಕಾಲದಲ್ಲಿ ದಿಗ್ಬಂಧನದಿಂದ ಕಾಫಿ ಸಿಗದೆ ಹೋದಾಗ ಯುರೋಪಿನವರು ಅದಕ್ಕೆ ಒಗ್ಗಿಕೊಂಡರು. ಅದರಲ್ಲಿ ಕೆಫೀನ್ ಇಲ್ಲ. ಹುರಿಯುವಾಗ ಬೇರಿನೊಳಗಿನ ಸಿಹಿ ಕರಗಿ ಕಂದಿ, ಕಪ್ಪು ಬಣ್ಣ, ಕಹಿ, ಒಂದು ಬಗೆಯ ಮಂದ ಬರುತ್ತದೆ. ಹಾಲು ಸಕ್ಕರೆ ಹಾಕಿ ಕುಡಿಯುವ ನಮ್ಮ ಕಾಫಿಗೆ ಅದರ ಸ್ವಲ್ಪ ಬೆರಕೆ ಹೊಂದುತ್ತದೆ. 100 ಗ್ರಾಮಿನಲ್ಲಿ 20 ಗ್ರಾಂ ಇದ್ದರೆ ನನ್ನ ತಕರಾರಿಲ್ಲ. ಆದರೆ ಕಾನೂನು 49ರವರೆಗೂ ಬಿಡುತ್ತದೆ. ಅಷ್ಟಾದರೆ ಅದು ಬೇರಿನ ಕಷಾಯ. ಪ್ರಮಾಣವನ್ನು ಪೊಟ್ಟಣದ ಮೇಲೆ ಅಚ್ಚು ಹಾಕಲೇಬೇಕು. ಅಂಗಡಿಯಲ್ಲಿ ಪೊಟ್ಟಣ ತಿರುಗಿಸಿ ಓದುವವರು ಹೆಚ್ಚಾದರೆ ಪುಡಿ ಮಾಡುವವರೂ ಎಚ್ಚರವಾಗುತ್ತಾರೆ.

ಇನ್ನು ಹಾಲು. ಹಾಲು ಹೊಸದಾಗಿ ಕಾದಿರಬೇಕು. ಬೆಳಿಗ್ಗೆ ಕಾಯಿಸಿ ಸಂಜೆ ಮತ್ತೆ ಬಿಸಿ ಮಾಡಿದ್ದಕ್ಕೆ ಆ ಸವಿ ಇಲ್ಲ. ಹಾಲಿನ ಕೊಬ್ಬು, ಪ್ರೋಟೀನು ಎರಡೂ ಡಿಕಾಕ್ಷನ್ನಿನ ಒಗರನ್ನು ಹಿಡಿದು ಮೆತ್ತಗೆ ಮಾಡುತ್ತವೆ. ಹಾಗಾಗಿಯೇ ಗಟ್ಟಿ ಡಿಕಾಕ್ಷನ್ನಿಗೆ ಗಟ್ಟಿ ಹಾಲು ಬೇಕು. ಲೋಟದಿಂದ ಬಟ್ಟಲಿಗೆ, ಬಟ್ಟಲಿಂದ ಲೋಟಕ್ಕೆ ಎತ್ತರದಿಂದ ಸುರಿದಾಗ ಸಕ್ಕರೆ ಕರಗುತ್ತದೆ, ನಾಲಿಗೆ ಸುಡುವ ಬಿಸಿ ಹದಕ್ಕೆ ಇಳಿಯುತ್ತದೆ, ನೊರೆ ಏಳುತ್ತದೆ. ಪಳಗಿದ ಕೈ ಆ ಧಾರೆಯನ್ನು ಎಳೆಯುವುದನ್ನು ನೋಡಬೇಕು. ಚೆಂಡೆಯ ಉರುಳಿಕೆಗೆ ಹೆಜ್ಜೆ ಹಾಕುವ ವೇಷಧಾರಿಯ ಹಾಗೆ, ಅಷ್ಟು ವೇಗದಲ್ಲಿಯೂ ಒಂದು ಹನಿ ಲೆಕ್ಕ ತಪ್ಪದು.

ಯಕ್ಷಗಾನದ ಮಾತು ಬಂತು. ಈ ಮೂರು ತಾಲ್ಲೂಕುಗಳಲ್ಲಿ ಮಂದಾರ್ತಿ, ಮಾರಣಕಟ್ಟೆ ಮೇಳಗಳ ಹರಕೆಯಾಟಗಳು ಗದ್ದೆಯಲ್ಲಿ ಇಡೀ ರಾತ್ರಿ ನಡೆದ ಕಾಲದಲ್ಲಿ, ರಂಗಸ್ಥಳದ ಬೆಳಕು ಎಷ್ಟು ದೂರ ಬೀಳುತ್ತದೋ ಅದರ ಅಂಚಿನಲ್ಲಿ ಒಂದು ಗ್ಯಾಸ್‌ಲೈಟು, ಒಂದು ಒಲೆ, ಒಂದು ಕಾಫಿ ಚಾದ ಅಂಗಡಿ ಇರುತ್ತಿತ್ತು. ಚಳಿಗಾಲದ ಇಬ್ಬನಿ ಬಿದ್ದು ಕಣ್ಣು ಎಳೆಯುವ ಹೊತ್ತಿಗೆ ಎದ್ದು ಹೋಗಿ ಕುಡಿದು ಬಂದರೆ ಮುಂದಿನ ಪ್ರಸಂಗಕ್ಕೆ ಪೂರ್ತಿ ಎಚ್ಚರ. ಗೇಣಿಯ ಒಕ್ಕಲು, ಧಣಿ, ಮೀನಿನ ಬುಟ್ಟಿ ಹೊತ್ತು ಬೆಳಿಗ್ಗೆ ಹೊರಡಬೇಕಾದ ಹೆಂಗಸು, ಶಾಲೆಯ ಮಾಷ್ಟ್ರು, ಎಲ್ಲರೂ ಅದೇ ಒಲೆಯ ಸುತ್ತ ನಿಂತು ಭಾಗವತರ ಪದವನ್ನು, ವೇಷಧಾರಿಯ ಮಾತನ್ನು ತೂಗುತ್ತಿದ್ದರು. ಊರಿನ ದೊಡ್ಡ ವಿಮರ್ಶೆಗಳೆಲ್ಲ ಹುಟ್ಟಿದ್ದು ಆ ಒಲೆಯ ಬದಿಯಲ್ಲಿ. ಫಿಲ್ಟರ್ ಕಾಫಿಯ ಸೆಳೆತದ ಕಾರಣ ಕೇಳಿದರೆ ನಾನು ಕೆಫೀನಿಗಿಂತ ಮೊದಲು ಇದನ್ನು ಹೇಳುತ್ತೇನೆ: ಅದು ಮನುಷ್ಯರನ್ನು ಸ್ವಲ್ಪ ಹೊತ್ತು ಒಂದೆಡೆ ನಿಲ್ಲಿಸುತ್ತದೆ. ಡಿಕಾಕ್ಷನ್ ಇಳಿಯುವವರೆಗೆ ಕಾಯಬೇಕು, ಕಾಯುವಾಗ ಮಾತಾಡಬೇಕು.

ಈಗ ಹೆದ್ದಾರಿ 66 ಅಗಲವಾಗಿದೆ. ಮರವಂತೆಯಲ್ಲಿ ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕೆ. ನಡುವೆ ವಾಹನಗಳು ನಿಲ್ಲದೆ ಓಡುತ್ತವೆ. ಅಂಗಡಿಗಳಲ್ಲಿ ಗುಂಡಿ ಒತ್ತಿದರೆ ಕಾಗದದ ಲೋಟಕ್ಕೆ ಕಾಫಿ ಎಂಬ ಹೆಸರಿನದೇನೋ ಬೀಳುತ್ತದೆ. ಬ್ರೆಜಿಲ್, ವಿಯೆಟ್ನಾಂಗಳಲ್ಲಿ ಬೆಳೆ ಕೈಕೊಟ್ಟರೆ ನಮ್ಮ ಪೇಟೆಯಲ್ಲಿ ಪುಡಿಯ ಬೆಲೆ ಏರುತ್ತದೆ. ಈಚಿನ ವರ್ಷಗಳಲ್ಲಿ ಬಹಳವೇ ಏರಿತು. ಭಾರತದ ಕಾಫಿಯಲ್ಲಿ ಸುಮಾರು ಶೇಕಡ 70ರಷ್ಟು ಕರ್ನಾಟಕದಲ್ಲಿ ಬೆಳೆದರೂ ದೇಶದ ಬೆಳೆಯ ಹೆಚ್ಚು ಭಾಗ ಹೊರದೇಶಕ್ಕೇ ಹೋಗುತ್ತದೆ. ಇಷ್ಟರ ನಡುವೆಯೂ ನಮ್ಮ ಪೇಟೆಗಳಲ್ಲಿ, ಬಸ್ ನಿಲ್ದಾಣದ ಬದಿಯಲ್ಲಿ, ದೇವಸ್ಥಾನದ ಎದುರಿನಲ್ಲಿ, ನಸುಕಿಗೇ ಬಾಗಿಲು ತೆರೆದು ಡಿಕಾಕ್ಷನ್ ಇಳಿಸುವ ಹಳೆಯ ಹೋಟೆಲುಗಳು ಉಳಿದಿವೆ. ಬನ್ಸು, ಗೋಳಿಬಜೆ, ಅವಲಕ್ಕಿಯ ಜತೆ ಅಲ್ಲಿ ಕೊಡುವ ಕಾಫಿಗೆ ಜಾಹೀರಾತಿಲ್ಲ. ನಡೆಸುವವರಿಗೆ ವಯಸ್ಸಾಗಿದೆ. ಮಕ್ಕಳು ಓದಿ ದೂರ ಹೋಗಿದ್ದಾರೆ. ಹೋಗಲೇಬೇಕು, ಅದಕ್ಕಾಗಿಯೇ ಅಪ್ಪಂದಿರು ಲೋಟ ತೊಳೆದದ್ದು.

ಓದುಗರಲ್ಲಿ ನನ್ನ ಕೋರಿಕೆ ಸಣ್ಣದು. ಮನೆಯಲ್ಲಿ ಒಂದು ಫಿಲ್ಟರ್ ಇಟ್ಟುಕೊಳ್ಳಿ. ವಾರಕ್ಕೆ ಬೇಕಾದಷ್ಟೇ ಪುಡಿ ತನ್ನಿ, ಗಾಳಿಯಾಡದ ಡಬ್ಬಿಯಲ್ಲಿಡಿ, ಬಂದವರನ್ನು ಡಿಕಾಕ್ಷನ್ ಇಳಿಯುವವರೆಗೆ ಕೂರಿಸಿಕೊಳ್ಳಿ. ಕೊಲ್ಲೂರಿಗೋ ಆನೆಗುಡ್ಡೆಗೋ ಈ ಕಡೆ ಬಂದರೆ ಯಂತ್ರದ ಕಾಫಿಯನ್ನು ದಾಟಿ, ಪೇಟೆಯೊಳಗಿನ ಹಳೆಯ ಹೋಟೆಲಿಗೆ ಹೋಗಿ ಕುಳಿತುಕೊಳ್ಳಿ. ಕಾಫಿ ಚೆನ್ನಾಗಿದ್ದರೆ, ಏಳುವ ಮೊದಲು, ಮಾಡಿದವರಿಗೆ ಹಾಗೆಂದು ಬಾಯಿಬಿಟ್ಟು ಹೇಳಿ. ಅವರಿಗೆ ಸಲ್ಲಬೇಕಾದದ್ದರಲ್ಲಿ ಬೆಲೆಯೊಂದನ್ನೇ ಇಷ್ಟು ಕಾಲ ಕೊಟ್ಟಿದ್ದೇವೆ.